'ಬರೀ ಬೈದಿದ್ದಾರಾ, ಬೆದರಿಸಿದ್ದಾರಾ?': ಆನ್‌ಲೈನ್ ಕಿರುಕುಳಕ್ಕೆ ದೂರು ಕೊಟ್ಟ ಅನುಭವ

ಆನ್‌ಲೈನ್‌ನಲ್ಲಿ ಬರೆಯುವ ಹೆಣ್ಣುಮಕ್ಕಳಿಗೆ ಹೊಲಸು ಮಾತು, ಬೆದರಿಕೆ ಬಂದರೆ ಏನು ಮಾಡಬೇಕು ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ: 'ಸೈಬರ್ ಠಾಣೆಗೆ ದೂರು ಕೊಡಿ.' ಆ ಒಂದು ಸಾಲಿನ ಹಿಂದೆ ಎಷ್ಟು ಓಡಾಟ ಇದೆ, ಎಷ್ಟು ಕಾಯಬೇಕು, ಏನೇನು ಕಾಗದ ಬೇಕು ಅಂತ ಯಾರೂ ಹೇಳುವುದಿಲ್ಲ. ನನ್ನ ದೂರಿನ ತನಿಖೆ ಈಗಷ್ಟೇ ಮುಗಿದು ಕೋರ್ಟಿಗೆ ಚಾರ್ಜ್‌ಶೀಟ್ ಹೋಗಿದೆ. ಎಲ್ಲ ನೆನಪಿರುವಾಗಲೇ ಬರೆದಿಡುತ್ತೇನೆ. ನಿಮಗೋ ನಿಮ್ಮ ಗೆಳತಿಗೋ ಒಂದು ದಿನ ಬೇಕಾಗಬಹುದು.

ನಾನು ಬೈಗುಳ ಕೇಳಿದ ತಕ್ಷಣ ಕಿವಿ ಮುಚ್ಚಿಕೊಳ್ಳುವವಳಲ್ಲ. ನಾಗಮಂಗಲದ ಕಡೆಯ ನಮ್ಮಜ್ಜಿ ಮೊಮ್ಮಕ್ಕಳನ್ನು ಊಟಕ್ಕೆ ಕರೆಯುತ್ತಿದ್ದುದೇ 'ಬರ್ರೋ ಮುಂಡೇವಾ' ಅಂತ. ಹಾಗೆ ಕರೆದು, ತಟ್ಟೆಗೆ ಬಿಸಿ ಮುದ್ದೆ ಹಾಕಿ, ತುಪ್ಪ ಬಿಟ್ಟು, ತಿನ್ನುವವರೆಗೂ ಪಕ್ಕದಲ್ಲೇ ಕೂತಿರುತ್ತಿದ್ದಳು. ಆ ಮಾತಿನಲ್ಲಿ ನಮಗೆ ಯಾವತ್ತೂ ನೋವಾಗಲಿಲ್ಲ. ಆದರೆ ನಾನು ಬರೆಯುವಾಗ ಬೈಗುಳ ಬಳಸುವುದಿಲ್ಲ. ನನ್ನ ಕೈಗೆ ಅದು ಒಗ್ಗುವುದಿಲ್ಲ, ಅಷ್ಟೇ. ಬೇರೆಯವರು ಬಳಸಿದರೆ ತಕರಾರಿಲ್ಲ.

ನನ್ನ ತೀರಾ ಹತ್ತಿರದ ಗೆಳತಿಯೊಬ್ಬಳು ಧಾರವಾಡದವಳು. ಎರಡು ಸಾಲು ಬರೆದರೆ ಮೂರು ಬೈಗುಳ ಇರುತ್ತವೆ. ರಸ್ತೆ ಗುಂಡಿ, ಕರೆಂಟು, ರೇಷನ್ ಅಂಗಡಿ, ಎಲ್ಲಕ್ಕೂ ಬೈಯುತ್ತಾಳೆ. ನನ್ನ ಬರಹದ ಕೆಳಗೆ ಜಗಳ ತೆಗೆದೇ ಅವಳು ಪರಿಚಯ ಆಗಿದ್ದು. ಆಮೇಲೆ ಸಾಗರದ ಕಡೆಯ ನಿವೃತ್ತ ಮೇಷ್ಟ್ರು ಸಿಕ್ಕರು. ಅವರದು ತೂಗಿ ಅಳೆದ ಮಾತು. ಕಲಬುರಗಿಯ ಒಬ್ಬ ನರ್ಸ್, ದಾವಣಗೆರೆಯ ಒಬ್ಬ ವಕೀಲೆ, ಹೀಗೆ ಬರೆಯುತ್ತಾ ಬರೆಯುತ್ತಾ ನಾಲ್ಕೈದು ಜನ ಒಂದಾದೆವು. ಒಬ್ಬರನ್ನೊಬ್ಬರು ಮುಖತಃ ನೋಡಿರಲಿಲ್ಲ. 'ಮುಖ ನೋಡದವರ ಜೊತೆ ಎಂಥ ಸ್ನೇಹ?' ಅಂತ ಮನೆಯಲ್ಲಿ ಕೇಳುತ್ತಿದ್ದರು. ಮುಂದೆ ನನ್ನ ಜೊತೆ ನಿಂತವರು ಇವರೇ.

ಶುರುವಾಗಿದ್ದು ಬೈಗುಳದ ಬಗ್ಗೆಯೇ ಬರೆದ ಒಂದು ಬರಹದಿಂದ. ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ಆಗುತ್ತದೆ. ಜೇನುಕುರುಬರು, ಯರವರು ವೇಷ ಹಾಕಿಕೊಂಡು, ದೇವರನ್ನೂ ಎದುರಿಗೆ ಸಿಕ್ಕವರನ್ನೂ ಬೈಯುತ್ತಾ ಕಾಸು ಬೇಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಹೋಳಿ ಹೊತ್ತಿಗೆ ಕಾಮಣ್ಣನ ಮುಂದೆ ಬಾಯಿ ಬಡಿದುಕೊಂಡು ಬೈಯುವುದಿದೆ. ಅಂದರೆ ಬೈಯೋದಕ್ಕೂ ನಮ್ಮಲ್ಲಿ ಒಂದು ಜಾಗ, ಒಂದು ದಿನ ಇದೆ. ಅಷ್ಟು ಹೇಳಿ ಒಂದು ಪ್ರಶ್ನೆ ಕೇಳಿದ್ದೆ. ಗಂಡಸರಿಬ್ಬರು ಜಗಳ ಆಡಿದರೂ ಬೈಗುಳದಲ್ಲಿ ಅವರ ಅಮ್ಮ, ಅಕ್ಕ, ಹೆಂಡತಿಯೇ ಯಾಕೆ ಬರುತ್ತಾರೆ? ಇಲ್ಲದಿದ್ದರೆ ಯಾವುದೋ ಜಾತಿಯ ಹೆಸರೇ ಯಾಕೆ ಬರುತ್ತದೆ?

ಬರಹ ಸುಮಾರು ಜನಕ್ಕೆ ತಲುಪಿತು. ಚರ್ಚೆ ಚೆನ್ನಾಗಿಯೇ ನಡೆಯಿತು. ಕೆಲವರು ನನ್ನನ್ನೇ ಬೈದರು. ಅದನ್ನು ಓದಿ ಬಿಟ್ಟುಬಿಟ್ಟೆ. ಆದರೆ ಒಬ್ಬ ಮಾತ್ರ ಇನ್‌ಬಾಕ್ಸ್‌ಗೆ ಬಂದ. ಮೊದಲು ಬೈಗುಳ. ಆಮೇಲೆ ನನ್ನ ಫೋಟೋ ಎತ್ತಿಕೊಂಡು ಅದರ ಮೇಲೆ ಹೊಲಸು ಬರೆದು ಕಳಿಸಿದ. ಆಮೇಲೆ ನನ್ನ ಮಗಳು ಸ್ಕೂಲ್ ಬಸ್ ಹತ್ತುವ ತಿರುವಿನ ಹೆಸರು ಬರೆದ. ನನ್ನ ಫೋನ್ ನಂಬರನ್ನು ಯಾವುದೋ ಗುಂಪಿಗೆ ಹಾಕಿದ. ರಾತ್ರಿ ಹನ್ನೊಂದರ ಮೇಲೆ ಗುರುತಿಲ್ಲದ ನಂಬರುಗಳಿಂದ ಕರೆ ಬರತೊಡಗಿದವು. ಫೋನ್ ಅಲುಗಾಡಿದರೆ ಹೊಟ್ಟೆಯೊಳಗೆ ಹಿಂಡಿದಂತಾಗುತ್ತಿತ್ತು. ಮಗಳನ್ನು ಬಸ್ಸಿಗೆ ಬಿಡಲು ಗಂಡ ಹೋಗತೊಡಗಿದರು. ಅವಳಿಗೆ ಕಾರಣ ಹೇಳಲಿಲ್ಲ.

ಎಲ್ಲ ಅಳಿಸಿ ಅವನನ್ನು ಬ್ಲಾಕ್ ಮಾಡಬೇಕು ಅನ್ನಿಸಿತು. ತಡೆದವಳು ದಾವಣಗೆರೆಯ ವಕೀಲೆ ಗೆಳತಿ. 'ಬ್ಲಾಕ್ ಆಮೇಲೆ ಮಾಡು. ಮೊದಲು ಎಲ್ಲ ಎತ್ತಿಟ್ಟುಕೋ' ಅಂದಳು. ಆ ರಾತ್ರಿ ಫೋನಿನಲ್ಲೇ ಕೂತು ಮಾಡಿಸಿದಳು. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಸ್ಕ್ರೀನ್‌ಶಾಟ್‌ನಲ್ಲಿ ತಾರೀಖು, ಸಮಯ ಕಾಣಬೇಕು. ಕತ್ತರಿಸಬಾರದು, ಹೊಲಸು ಮಾತಿನ ಮೇಲೆ ಬಣ್ಣ ಬಳಿಯಬಾರದು. ಖಾತೆಯ ಹೆಸರು ಸಾಲದು, ಹೆಸರನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಪ್ರೊಫೈಲ್‌ನ ಪೂರ್ತಿ ಲಿಂಕ್ ಕಾಪಿ ಮಾಡಿ ಇಟ್ಟುಕೊಳ್ಳಿ. ಮಾತುಕತೆ ಪೂರ್ತಿ ಮೇಲಿಂದ ಕೆಳಗೆ ಉರುಳಿಸುತ್ತಾ ಒಂದು ಸ್ಕ್ರೀನ್ ರೆಕಾರ್ಡಿಂಗ್ ಮಾಡಿ. ಫೋನಿನ ಕರೆಪಟ್ಟಿಯನ್ನು ಅಳಿಸಬೇಡಿ. ಆಮೇಲೆ ಒಂದೇ ಒಂದು ಉತ್ತರ ಕಳಿಸಿ: 'ನನಗೆ ಸಂದೇಶ ಕಳಿಸಬೇಡಿ, ಕರೆ ಮಾಡಬೇಡಿ.' ಬೇಡ ಅಂದ ಮೇಲೂ ಹೆಣ್ಣಿನ ಹಿಂದೆ ಬೀಳುವುದು ಭಾರತೀಯ ನ್ಯಾಯ ಸಂಹಿತೆಯ (ಹಳೇ ಐಪಿಸಿ ಜಾಗಕ್ಕೆ ಬಂದ ಕಾನೂನು) ಕಲಂ 78ರ ಕೆಳಗೆ ಬರುತ್ತದೆ. ಬೇಡ ಅಂದಿದ್ದಕ್ಕೆ ದಾಖಲೆ ನಿಮ್ಮ ಹತ್ತಿರ ಇರಬೇಕು. ಅದಾದ ಮೇಲೆ ಒಂದಕ್ಷರವೂ ಬರೆಯಬೇಡಿ.

ಆ ಹೊತ್ತಿಗೆ ಅವನು ಕೆಲವು ಸಾರ್ವಜನಿಕ ಕಾಮೆಂಟುಗಳನ್ನು ತಾನೇ ಅಳಿಸಿದ್ದ. ನಾನು ನೋಡುವ ಮೊದಲೇ ಹೋದವೂ ಇದ್ದವು. ಸಾಗರದ ಮೇಷ್ಟ್ರು ಅವನ್ನೆಲ್ಲ ಆಗಿಂದಾಗಲೇ ತಮ್ಮ ಫೋನಿನಲ್ಲಿ ತೆಗೆದಿಟ್ಟಿದ್ದರು. 'ಇದು ಬೈಗುಳದ ದಾರಿ ಬಿಟ್ಟು ಬೇರೆ ಕಡೆ ಹೊರಟಿದೆ ಅನ್ನಿಸಿತು, ಅದಕ್ಕೆ ಇಟ್ಟುಕೊಂಡೆ' ಅಂತ ಬರೆದರು. ಆ ಸಂದೇಶ ಓದಿ ಎಷ್ಟೋ ದಿನದ ಮೇಲೆ ಅತ್ತೆ.

ಮೊದಲು ಆ ಜಾಲತಾಣಕ್ಕೇ ವರದಿ ಮಾಡಿದೆ. 'ನಮ್ಮ ನಿಯಮ ಮುರಿದಿಲ್ಲ' ಅಂತ ಸಿದ್ಧ ಉತ್ತರ ಬಂತು. ಕನ್ನಡದ ಬೈಗುಳವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅವರ ಯಂತ್ರಕ್ಕೆ ತಿಳಿಯುವುದಿಲ್ಲವೇನೋ. ಅಲ್ಲಿಗೇ ಬಿಡಬೇಡಿ. 2021ರ ಐಟಿ ನಿಯಮಗಳ ಪ್ರಕಾರ ಇಂಥ ಪ್ರತಿ ಕಂಪನಿಯೂ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ಪ್ರಕಟಿಸಿರಬೇಕು. ಅವರಿಗೆ ನೇರವಾಗಿ ಬರೆದರೆ 24 ಗಂಟೆಯಲ್ಲಿ ದೂರು ತಲುಪಿದ್ದನ್ನು ಒಪ್ಪಿ, ಗಡುವಿನೊಳಗೆ ಇತ್ಯರ್ಥ ಮಾಡಬೇಕು (ಮೊದಲು 15 ದಿನ ಇತ್ತು, 2026ರ ಫೆಬ್ರವರಿಯಿಂದ 7 ದಿನ). ಅಲ್ಲೂ ನ್ಯಾಯ ಸಿಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಮನವಿ ಹಾಕಬಹುದು. 2023ರಿಂದ ಈ ವ್ಯವಸ್ಥೆ ಇದೆ. ನನ್ನ ವಿಷಯದಲ್ಲಿ ಅಧಿಕಾರಿಗೆ ಬರೆದ ಮೇಲೆ ಫೋಟೋ ತೆಗೆದುಹಾಕಿದರು, ಖಾತೆ ಹಾಗೇ ಉಳಿಯಿತು.

ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್. 1930ಕ್ಕೆ ಫೋನ್ ಮಾಡಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಆ ಸಂಖ್ಯೆ ಮುಖ್ಯವಾಗಿ ದುಡ್ಡು ಕಳೆದುಕೊಂಡವರಿಗೆ. ನಮ್ಮಂಥವರು ಪೋರ್ಟಲ್‌ನಲ್ಲೇ ದೂರು ಬರೆಯಬೇಕು. ಅಲ್ಲಿ ಹೆಸರು ಹೇಳದೆಯೂ ದೂರು ಕೊಡುವ ದಾರಿ ಇದೆ. ಆದರೆ ಹಾಗೆ ಕೊಟ್ಟರೆ ಅದು ಎಲ್ಲಿಗೆ ಬಂತು ಅಂತ ಹಿಂಬಾಲಿಸಲು ಆಗುವುದಿಲ್ಲ. ಹೆಸರು, ಮೊಬೈಲ್ ಕೊಟ್ಟು ನೋಂದಣಿ ಮಾಡಿಯೇ ಬರೆಯಿರಿ. ಇನ್ನೊಂದು ಮಾತು: ಪೋರ್ಟಲ್ ಕೊಡುವ ಸ್ವೀಕೃತಿ ಸಂಖ್ಯೆ ಎಫ್‌ಐಆರ್ ಅಲ್ಲ. ಪೋರ್ಟಲ್ ನಿಮ್ಮ ದೂರನ್ನು ಠಾಣೆಗೆ ಕಳಿಸುತ್ತದೆ, ಅಷ್ಟೇ. ಠಾಣೆಯಿಂದ ಫೋನ್ ಬರಲಿ ಅಂತ ಸುಮ್ನೆ ಕಾದರೆ ದಿನ ಕಳೆಯುತ್ತವೆ. ನಾನೇ ಹೊರಟೆ.

ಮನೆ ಹತ್ತಿರದ ಠಾಣೆಯವರು 'ಸೆನ್ ಠಾಣೆಗೆ ಹೋಗಿ' ಅಂದರು. ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳಿಗೆ ಅಂತ ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಇರುವ ಠಾಣೆ ಅದು. ಅಲ್ಲಿಗೆ ಹೋದರೆ 'ಮೊದಲು ನಿಮ್ಮ ಏರಿಯಾ ಠಾಣೆಯಲ್ಲಿ ಕೊಡಿ' ಅಂದರು. ಹೀಗೆ ಅಲೆಸಿದರೆ ಒಂದು ವಿಷಯ ನೆನಪಿಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) ಕಲಂ 173ರ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಪೊಲೀಸರು ಮಾಹಿತಿ ದಾಖಲಿಸಿಕೊಳ್ಳಬೇಕು. ಇದನ್ನು ನಾನು ಮೆತ್ತಗೆ, ಕಾಗದ ಮುಂದಿಟ್ಟು ಹೇಳಿದೆ. 'ಇನ್‌ಸ್ಪೆಕ್ಟರ್ ಬಂದೋಬಸ್ತ್‌ಗೆ ಹೋಗಿದ್ದಾರೆ, ಬರಲಿ' ಅಂದರು. ಐಟಿ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರೇ ತನಿಖೆ ಮಾಡಬೇಕು ಅನ್ನೋದು ನಿಜ. ಸಂಜೆಯವರೆಗೂ ಕಾದೆ. ಅಲ್ಲಿ ಬೆಂಚಿನ ಮೇಲೆ ಇದ್ದವರಲ್ಲಿ ಹೆಚ್ಚಿನವರು ದುಡ್ಡು ಕಳೆದುಕೊಂಡವರು. 'ನಿಮ್ದು ಎಷ್ಟು ಹೋಯ್ತು?' ಅಂತ ಪಕ್ಕದವರು ಕೇಳಿದರು. ಏನು ಹೇಳಲಿ?

ಕೊನೆಗೆ ಅಧಿಕಾರಿ ಬಂದರು. ನನ್ನ ಕಾಗದಗಳನ್ನು ತಿರುವಿ ಕೇಳಿದ ಮೊದಲ ಪ್ರಶ್ನೆ: 'ಬರೀ ಬೈದಿದ್ದಾರಾ, ಬೆದರಿಸಿದ್ದಾರಾ?'

ಆ ಕ್ಷಣಕ್ಕೆ ಚುರುಕ್ ಅಂದಿತು. 'ಬರೀ' ಅಂದರೆ ಏನು ಅಂತ ಸಿಟ್ಟೂ ಬಂತು. ಆದರೆ ಪ್ರಶ್ನೆ ಸರಿಯಾದದ್ದೇ. ಹೊಟ್ಟೆ ಉರಿದು ಬೈದವನನ್ನೆಲ್ಲ ಠಾಣೆಗೆ ಎಳೆಯಬೇಕು ಅಂತ ನನಗೂ ಅನ್ನಿಸುವುದಿಲ್ಲ. ಧಾರವಾಡದ ನನ್ನ ಗೆಳತಿ ಸರ್ಕಾರವನ್ನು ಬೈಯುವ ರೀತಿಗೆ ಅವಳ ಮೇಲೆ ಕೇಸು ಹಾಕುವ ಕಾನೂನು ನನಗೆ ಬೇಡ. ಅಂಥದ್ದೊಂದು ಇತ್ತು, ಐಟಿ ಕಾಯ್ದೆಯ 66ಎ. ಅದನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಈಗಲೂ ಕೆಲವರು '66ಎ ಹಾಕಿಸಿ' ಅಂತ ಸಲಹೆ ಕೊಡುತ್ತಾರೆ, ನಂಬಬೇಡಿ. 2024ರ ಮಾರ್ಚ್‌ನಲ್ಲಿ ಒಂದು ವೆಬ್ ಸರಣಿಯ ಮೊಕದ್ದಮೆಯಲ್ಲಿ ಬೈಗುಳ, ಒರಟು ಮಾತು ಇದ್ದ ಮಾತ್ರಕ್ಕೆ ಅಶ್ಲೀಲ ಆಗುವುದಿಲ್ಲ ಅಂತಲೂ ಅದೇ ಕೋರ್ಟ್ ಹೇಳಿತು. ಹಾಗಾಗಿ 'ಅಶ್ಲೀಲ' ಅನ್ನುವ ಐಟಿ ಕಾಯ್ದೆಯ 67ನೇ ಕಲಂ ಒಂದನ್ನೇ ಹಿಡಿದು ಕೂರಬಾರದು ಅಂತ ವಕೀಲೆ ಗೆಳತಿ ಮೊದಲೇ ಹೇಳಿದ್ದಳು. ನಮ್ಮ ದೂರು ನಿಂತಿದ್ದು ಬೇರೆ ಕಲಂಗಳ ಮೇಲೆ: ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ನ್ಯಾಯ ಸಂಹಿತೆಯ 79, ಹಿಂದೆ ಬೀಳುವುದಕ್ಕೆ 78, ಬೆದರಿಕೆಗೆ 351. ಮಗಳ ಬಸ್ಸಿನ ತಿರುವು ಬರೆದಿದ್ದ ಸಂದೇಶವನ್ನು ಅಧಿಕಾರಿಯ ಮುಂದಿಟ್ಟೆ. ಅವರು ಮತ್ತೆ ಏನೂ ಕೇಳಲಿಲ್ಲ. ಮಹಿಳಾ ಹೆಡ್ ಕಾನ್‌ಸ್ಟೇಬಲ್ ಒಬ್ಬರನ್ನು ಕರೆದರು.

79, 78 ಇರುವ ದೂರನ್ನು ಬಾಧಿತ ಹೆಣ್ಣುಮಗಳಿಂದ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು ಅಂತ ಕಾನೂನು ಇದೆ. ಕೇಳಿ ಪಡೆಯಿರಿ. ಒಳಗಿನ ಸಣ್ಣ ಕೋಣೆಯಲ್ಲಿ ಎದುರುಬದುರು ಕೂತೆವು. ನಾನು ಮನೆಯಿಂದ ಬರೆದುಕೊಂಡು ಹೋಗಿದ್ದ ದೂರಿನಲ್ಲಿ 'ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತಾರೆ' ಅಂತ ಇತ್ತು. ಎಲ್ಲ ದೂರಿನಲ್ಲೂ ಹಾಗೇ ಬರೆಯುತ್ತಾರಲ್ವಾ. ಆಕೆ ಆ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು, 'ಮೇಡಂ, ಅವನು ಏನಂದ ಅನ್ನೋದನ್ನ ಅವನ ಮಾತಲ್ಲೇ ಬರೀಬೇಕು. ಇಲ್ಲಾಂದ್ರೆ ನಾಳೆ ಕೋರ್ಟಲ್ಲಿ ಏನು ಅವಾಚ್ಯ ಅಂತ ಕೇಳ್ತಾರೆ' ಅಂದರು.

ಜೀವನದಲ್ಲಿ ಒಮ್ಮೆಯೂ ಬರೆಯದ ಮಾತುಗಳು. ನೀಲಿ ಪೆನ್ನಿನಲ್ಲಿ, ನನ್ನ ಕೈಬರಹದಲ್ಲಿ, ಒಂದೊಂದಾಗಿ ಬರೆದೆ. ಒಂದು ಸಾಲಿಗೆ ಕೈ ನಿಂತುಬಿಟ್ಟಿತು. ಅದು ನನ್ನ ಮಗಳ ಬಗ್ಗೆ ಇತ್ತು. ಆಕೆ ನನ್ನ ಮುಖ ನೋಡದೆ ಪ್ರಿಂಟ್‌ಔಟ್ ತಮ್ಮ ಕಡೆಗೆ ತಿರುಗಿಸಿಕೊಂಡು, 'ಇದನ್ನ ನಾನು ಓದ್ತೀನಿ, ನೀವು ಬರಕೊಳ್ಳಿ' ಅಂತ ಅಕ್ಷರ ಅಕ್ಷರ ಬಿಡಿಸಿ, ಮಕ್ಕಳಿಗೆ ಉಕ್ತಲೇಖನ ಹೇಳಿದ ಹಾಗೆ ಓದಿದರು. ದನಿಯಲ್ಲಿ ಸ್ವಲ್ಪವೂ ಏರಿಳಿತ ಇರಲಿಲ್ಲ. ಹಾಗೆ ಓದಿದಾಗ ಆ ಮಾತಿನ ವಿಷ ಎಷ್ಟೋ ಇಳಿಯಿತು. ಆಕೆಗೆ ನಾನು ಸರಿಯಾಗಿ ಥ್ಯಾಂಕ್ಸ್ ಹೇಳುವ ಮೊದಲೇ ಬೇರೆ ಕೆಲಸಕ್ಕೆ ಕರೆದರು. ಇಲ್ಲಿ ಹೇಳುತ್ತಿದ್ದೇನೆ.

ಎಫ್‌ಐಆರ್ ಅದೇ ದಿನ ಆಗಲಿಲ್ಲ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವಕಾಶ ಇದೆ. ನನಗೆ ಅದನ್ನೇ ಹೇಳಿ ಅರ್ಜಿ ಸ್ವೀಕೃತಿ ಮಾತ್ರ ಕೊಟ್ಟರು. ಆ ಕಾಯುವಿಕೆ ತುಂಬಾ ಕೆಟ್ಟದು. ಕರೆಗಳು ಇನ್ನೂ ಬರುತ್ತಿದ್ದವು. ಕಲಬುರಗಿಯ ನರ್ಸ್ ಗೆಳತಿಗೆ ಆಗ ರಾತ್ರಿ ಪಾಳಿ. ನನಗೆ ನಿದ್ದೆ ಬರುತ್ತಿಲ್ಲ ಅಂತ ತಿಳಿದು ವಾರ್ಡಿನಿಂದಲೇ ಸಣ್ಣ ದನಿಯಲ್ಲಿ ಧ್ವನಿ ಸಂದೇಶ ಕಳಿಸುತ್ತಿದ್ದಳು. ಹಿಂದೆ ಟ್ರಾಲಿ ಉರುಳುವ ಸದ್ದು ಕೇಳುತ್ತಿತ್ತು. ಜೋಳದ ರೊಟ್ಟಿ ತಟ್ಟೋದು, ಅವಳ ಅತ್ತೆಯ ಮೊಂಡುತನ, ಏನೇನೋ ಹೇಳುತ್ತಿದ್ದಳು. ಕೇಸಿನ ವಿಷಯ ಮಾತ್ರ ಎತ್ತುತ್ತಿರಲಿಲ್ಲ.

ಅವಳೂ ಹಿಂದೆ ಇದನ್ನು ಅನುಭವಿಸಿದವಳು, ಅವಳಿಗೆ ಜಾತಿ ಹಿಡಿದು ಬೈದಿದ್ದರು. ಅವಳ ಮಾತು ಇಲ್ಲಿ ಸೇರಿಸುತ್ತೇನೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಜಾತಿನಿಂದನೆ ಆಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ ಹಾಕಿಸಬೇಕು. ಅದರ ಕಲಂ 18ಎ ಪ್ರಕಾರ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಆದರೆ ಜಾತಿನಿಂದನೆ ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಆಗಿರಬೇಕು. ಹಾಗಾಗಿ ಎಲ್ಲರಿಗೂ ಕಾಣುವ ಕಾಮೆಂಟನ್ನು ಮೊದಲು ಉಳಿಸಿಕೊಳ್ಳಿ.

ಠಾಣೆಯಲ್ಲಿ ಎಫ್‌ಐಆರ್ ಮಾಡದೇ ಹೋದರೆ ಎಸ್‌ಪಿಗೆ ಅಂಚೆಯಲ್ಲಿ ದೂರು ಕಳಿಸಬಹುದು, ಅದಕ್ಕೂ ಜಗ್ಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ನನಗೆ ಅಷ್ಟು ದೂರ ಹೋಗುವ ಪ್ರಸಂಗ ಬರಲಿಲ್ಲ. ಎಫ್‌ಐಆರ್ ಆಯಿತು. ಪ್ರತಿ ಉಚಿತ, ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಅಲ್ಲಿಂದ ಸಾಕ್ಷ್ಯದ ತಲೆನೋವು. ಪ್ರಿಂಟ್‌ಔಟ್ ಕೊಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಹಳಬರು ಇನ್ನೂ ಹಳೇ ಸಾಕ್ಷ್ಯ ಕಾಯ್ದೆಯ ಕಲಂ ಹಿಡಿದು '65ಬಿ' ಅಂತಲೇ ಕರೆಯುತ್ತಾರೆ. ಹೊಸದರಲ್ಲಿ ಎರಡು ಭಾಗ. ಒಂದಕ್ಕೆ ದಾಖಲೆ ಕೊಡುವವರು ಸಹಿ ಹಾಕಬೇಕು, ಇನ್ನೊಂದಕ್ಕೆ ಪರಿಣತರು. ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನ ಬೆರಳಚ್ಚಿನಂಥ ಒಂದು ಗುರುತು) ಬರೆಯಬೇಕು. ಸ್ಕ್ರೀನ್‌ಶಾಟನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋದಂತೆ ಕಳಿಸಿದರೆ ಫೈಲ್ ಕುಗ್ಗಿ ಹ್ಯಾಶ್ ಬದಲಾಗುತ್ತದೆ. ಆದ್ದರಿಂದ ಮೇಷ್ಟ್ರು ತಮ್ಮ ಫೋನಿನಿಂದ ಮೂಲ ಫೈಲುಗಳನ್ನೇ ಪೆನ್‌ಡ್ರೈವ್‌ಗೆ ಹಾಕಿ, ತಮ್ಮ ಭಾಗದ ಪ್ರಮಾಣಪತ್ರಕ್ಕೆ ಸಹಿ ಮಾಡಿ, ಕೊರಿಯರ್ ಮಾಡುವ ಬದಲು ತಾವೇ ಬಸ್ಸಿನಲ್ಲಿ ತಂದರು. ನಾವು ಮೊದಲ ಸಲ ಮುಖ ನೋಡಿದ್ದು ಠಾಣೆಯ ಗೇಟಿನಲ್ಲಿ. ಕೈಯಲ್ಲಿ ಪೆನ್‌ಡ್ರೈವ್ ಇದ್ದ ಸಣ್ಣ ಕವರ್, ಇನ್ನೊಂದು ಕೈಯಲ್ಲಿ ನನ್ನ ಮಗಳಿಗೆ ಅಂತ ಜೋನಿ ಬೆಲ್ಲದ ಬಾಟಲಿ. ಅವರ ಹೇಳಿಕೆಯನ್ನೂ ಬರೆದುಕೊಂಡರು.

ಖರ್ಚಿನ ಲೆಕ್ಕವನ್ನೂ ಹೇಳಬೇಕು. ಸರ್ಕಾರಕ್ಕೆ ಕಟ್ಟುವ ಶುಲ್ಕ ಏನೂ ಇಲ್ಲ. ಬಣ್ಣದ ಪ್ರಿಂಟ್, ಪೆನ್‌ಡ್ರೈವ್, ಆಟೋ, ಎಲ್ಲಕ್ಕಿಂತ ಜಾಸ್ತಿ ರಜೆ ಹಾಕಿದ ದಿನಗಳ ಸಂಬಳ. ವಕೀಲೆ ಗೆಳತಿ ನನ್ನಿಂದ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಅಂಥ ಗೆಳತಿ ಎಲ್ಲರಿಗೂ ಇರುವುದಿಲ್ಲ, ಅದಕ್ಕೆ ಹೇಳುತ್ತೇನೆ: ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100. ಜಿಲ್ಲಾ ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ನೇರವಾಗಿಯೂ ಹೋಗಬಹುದು.

ನಾನು ಎಣಿಸಿರದ ಇನ್ನೊಂದು ಹಂತ ಮ್ಯಾಜಿಸ್ಟ್ರೇಟ್ ಮುಂದಿನ ಹೇಳಿಕೆ, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 183. ಅದೇ ಕಥೆ, ಅದೇ ಮಾತುಗಳು, ಮತ್ತೊಮ್ಮೆ. ಒಳಗೆ ಪೊಲೀಸರು ಇರುವುದಿಲ್ಲ. ಮ್ಯಾಜಿಸ್ಟ್ರೇಟ್ ಅವಸರ ಮಾಡಲಿಲ್ಲ, ನೀರು ಕೊಡಿಸಿದರು. ಹಿಂದಿನ ರಾತ್ರಿ ನಿಮ್ಮ ದೂರಿನ ಪ್ರತಿಯನ್ನು ಒಮ್ಮೆ ಓದಿಕೊಂಡು ಹೋಗಿ.

ಆಮೇಲೆ ತಿಂಗಳುಗಟ್ಟಲೆ ಮೌನ. ಪೊಲೀಸರು ಜಾಲತಾಣದ ಕಂಪನಿಗೆ ನೋಟಿಸ್ ಕಳಿಸಿ, ಖಾತೆ ಯಾವ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ನಡೆಯಿತು ಅಂತ ತಿಳಿದು, ಆ ವಿಳಾಸ ಯಾರ ಮೊಬೈಲಿನದು ಅಂತ ಟೆಲಿಕಾಂ ಕಂಪನಿಯನ್ನು ಕೇಳಬೇಕು. ಒಂದೊಂದು ಉತ್ತರಕ್ಕೂ ವಾರಗಟ್ಟಲೆ. 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ ತಿಳಿಸಬೇಕು ಅನ್ನುವ ನಿಯಮ ಇದೆ. ಅದನ್ನು ಹೇಳಿ ಒಂದು ಪತ್ರ ಕೊಟ್ಟ ಮೇಲೆ ಉತ್ತರ ಬಂತು. ಸಿಕ್ಕವನು ಬೇರೆ ಜಿಲ್ಲೆಯ ಯುವಕ. ನನಗೆ ಗುರುತೇ ಇಲ್ಲ. ಬಸ್ಸಿನ ತಿರುವನ್ನು ನಾನು ಹಿಂದೆ ಹಾಕಿದ್ದ ಒಂದು ಮಳೆಯ ಫೋಟೋ ನೋಡಿ ಹಿಡಿದಿದ್ದನಂತೆ. ಅವನು ನಮ್ಮ ಊರಿಗೆ ಬಂದೇ ಇರಲಿಲ್ಲ ಅಂತ ತಿಳಿದಾಗ ಅರ್ಧ ಭಾರ ಇಳಿಯಿತು.

ಅವನ ಮನೆಯವರು ಬಂದರು. 'ಹುಡುಗ ಬಾಯಿಗೆ ಬಂದಂಗೆ ಬೈದಿದ್ದಾನೆ, ಎಲ್ಲರೂ ಬೈತಾರಲ್ಲ, ಬಿಟ್ಟುಬಿಡಿ' ಅಂದರು. ಅವನ ತಾಯಿ ನನ್ನ ಕೈ ಹಿಡಿದುಕೊಂಡರು. ತುಂಬಾ ಕಷ್ಟವಾಯಿತು. ಆದರೂ ಒಪ್ಪಲಿಲ್ಲ. ಬೈದಿದ್ದಕ್ಕೆ ನಾನು ಬಂದಿಲ್ಲ, ನನ್ನ ಮಗು ಎಲ್ಲಿ ನಿಲ್ಲುತ್ತದೆ ಅಂತ ಬರೆದಿದ್ದಕ್ಕೆ ಬಂದಿದ್ದೇನೆ ಅಂದೆ. ಠಾಣೆಯಲ್ಲಿ ರಾಜಿ ಪತ್ರ ಮುಂದಿಟ್ಟರೆ ಅಲ್ಲೇ ಸಹಿ ಹಾಕಬೇಡಿ. ಮನೆಗೆ ಬನ್ನಿ, ವಕೀಲರಿಗೆ ತೋರಿಸಿ, ಆಮೇಲೆ ನಿಮಗೆ ಏನು ಸರಿ ಅನ್ನಿಸುತ್ತದೋ ಮಾಡಿ.

ಈ ನಡುವೆ ನಾನು ಬರೆಯುವುದನ್ನು ನಿಲ್ಲಿಸಲಿಲ್ಲ. ಮಗಳ ಫೋಟೋ, ಮನೆಯ ಸುತ್ತಮುತ್ತಲಿನ ಫೋಟೋ ಈಗ ಹಾಕುವುದಿಲ್ಲ. ಧಾರವಾಡದ ಗೆಳತಿ ಈಗಲೂ ನನ್ನ ಬರಹದ ಕೆಳಗೆ ಬಂದು ಕರೆಂಟಿನವರನ್ನು ಬೈಯುತ್ತಾಳೆ. 'ನಿನಗೆ ಬೇಜಾರಾಗುತ್ತಾ, ಕಡಿಮೆ ಮಾಡಲಾ?' ಅಂತ ಒಮ್ಮೆ ಕೇಳಿದಳು. ಬೇಡ ಅಂದೆ. ಅವಳು ಬೈಗುಳ ಬಿಟ್ಟು ಬರೆದ ದಿನ ಅವಳಿಗೆ ಹುಷಾರಿಲ್ಲವೇನೋ ಅಂತ ಗಾಬರಿಯಾಗುತ್ತದೆ.

ದೂರು ಕೊಟ್ಟು ಚಾರ್ಜ್‌ಶೀಟ್‌ವರೆಗೆ ಬಂದವರಿಗೆ ಕೊನೆಯದಾಗಿ ಒಂದು ವಿಷಯ. ವಕೀಲರ ಮೂಲಕ ಹಾಜರಾದರೆ ಅದರ ಪ್ರತಿ ನಮಗೂ ಸಿಗುತ್ತದೆ. ವಕಾಲತ್ತು ಹಾಕಿಸಿದ್ದೇನೆ. ಸಾಕ್ಷಿಗಳ ಪಟ್ಟಿಯಲ್ಲಿ ಮೇಷ್ಟ್ರ ಹೆಸರೂ ಇದೆ. ಸಮನ್ಸ್ ಬಂದರೆ ಅವರು ನಮ್ಮ ಮನೆಯಲ್ಲೇ ಉಳಿಯುವುದು ಅಂತ ಮಾತಾಗಿದೆ. ಫೋನ್ ಬದಲಾಯಿಸಬೇಕು ಅಂತ ಇದ್ದೆ, ವಕೀಲೆ ಗೆಳತಿ ಬೇಡ ಅಂದಳು. ಮೊಕದ್ದಮೆ ಮುಗಿಯುವವರೆಗೂ ಸಂದೇಶ ಬಂದ ಹಳೇ ಫೋನನ್ನು ರೀಸೆಟ್ ಮಾಡದೆ, ಮಾರದೆ ಇಟ್ಟುಕೊಳ್ಳಬೇಕಂತೆ. ನೀವೂ ಇಟ್ಟುಕೊಳ್ಳಿ.